ಮಳೆಯಲ್ಲಿ ಮಾತ್ರ ಹತ್ತುತ್ತಿದ್ದ ನಾಲ್ಕು ದೀಪಗಳು

ಮೊದಲ ಸಲ ಕಂಡಿದ್ದು ಮೃಗಶಿರ ಮಳೆ ಹಿಡಿದ ವಾರ. ಚಿಕ್ಕಮಗಳೂರಿಂದ ಆಲ್ದೂರಿಗೆ ರಾತ್ರಿ ಎಂಟರ ಹೊತ್ತಿಗೆ ವಾಪಸ್ ಬರುತ್ತಿದ್ದೆ. ಪಕ್ಕದಲ್ಲಿ ಅಮ್ಮ ಇದ್ದರು. ಒಂದು ಹಂಪ್ ಇಳಿಸಿ ಎಡಕ್ಕೆ ತಿರುಗಿಸಿದೆ ಅಷ್ಟೆ, ಮೀಟರ್ ಬೋರ್ಡಿನಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ದೀಪ ಹತ್ತಿತು. ಅದರ ಹಿಂದೆಯೇ ಕೆಂಪು ಬ್ರೇಕ್ ದೀಪ, ಸ್ಟೀರಿಂಗ್ ದೀಪ, ಏರ್‌ಬ್ಯಾಗ್ ದೀಪ. ಒಂದು ಕ್ಷಣ ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಾಗಿ ಮತ್ತೆ ಹಗುರಾಯಿತು. ಗಾಡಿ ಪಕ್ಕಕ್ಕೆ ಹಾಕಿ ಬ್ರೇಕ್ ಒತ್ತಿ ನೋಡಿದೆ, ಪೆಡಲ್ ಗಟ್ಟಿಯಾಗೇ ಇತ್ತು. ಅಷ್ಟರಲ್ಲಿ ಮೂರು ದೀಪ ತಾವಾಗೇ ಆರಿದ್ದವು. ಏರ್‌ಬ್ಯಾಗಿನದು ಮಾತ್ರ ಕೀ ಆಫ್ ಮಾಡಿ ಆನ್ ಮಾಡಿದ ಮೇಲೆ ಹೋಯಿತು.

"ಎಂತ ಆಯ್ತೋ?" ಅಂದರು ಅಮ್ಮ. ಏನೂ ಇಲ್ಲ ಅಂದೆ. ಮನಸ್ಸಿನಲ್ಲಿ ಹಾಗಿರಲಿಲ್ಲ. ಅವರನ್ನು ತಿಂಗಳಿಗೊಂದು ಸಲ ಬೇಲೂರು ಮೇಲೆ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಇದೇ ಕಾರಿನಲ್ಲಿ.

ಕಾರು 2014ರದ್ದು, ಡೀಸೆಲ್, 1,12,000 ಕಿಲೋಮೀಟರ್ ಓಡಿದೆ. ಹನ್ನೊಂದು ಮಳೆಗಾಲ ನಮ್ಮ ಶೆಡ್ಡಿನಲ್ಲೇ ಕಳೆದಿದೆ. ಶೆಡ್ಡಿಗೆ ಮೇಲೆ ಶೀಟ್ ಇದೆ, ಮೂರು ಕಡೆ ಗೋಡೆ ಇಲ್ಲ. ಈ ವಿಷಯ ಆಮೇಲೆ ಲೆಕ್ಕಕ್ಕೆ ಬರುತ್ತದೆ.

ಊರಿನಲ್ಲಿ ಯಾರಿಗೆ ಹೇಳಿದರೂ ಮೊದಲ ಉತ್ತರ ಒಂದೇ: ಇಲಿ ವೈರ್ ಕಚ್ಚಿರಬೇಕು. ಮಲೆನಾಡಿನಲ್ಲಿ ಇದು ಸುಮ್ನೆ ಹೇಳುವ ಮಾತಲ್ಲ. ಮಳೆಗಾಲದಲ್ಲಿ ಇಲಿಗೆ ಬೆಚ್ಚಗಿನ ಬಾನೆಟ್ಟಿಗಿಂತ ಒಳ್ಳೆ ಜಾಗ ಸಿಗಲ್ಲ. ಟಾರ್ಚ್ ಹಿಡಿದು ಒಂದು ಗಂಟೆ ಹುಡುಕಿದೆ. ಹಿಕ್ಕೆ ಇಲ್ಲ, ಕಚ್ಚಿದ ಗುರುತಿಲ್ಲ, ಗೂಡಿಲ್ಲ. ಇನ್ನೊಬ್ಬರು, "ಬಲ್ಬ್ ತೆಗೆಸಿಬಿಡಿ ಮಾರಾಯ್ರೆ, ಗಾಡಿ ಚೆನ್ನಾಗೇ ಓಡ್ತಿದೆ ಅಲ್ವಾ" ಅಂದರು. ಇದನ್ನು ಮಾತ್ರ ಯಾರೂ ಮಾಡಬೇಡಿ. ಕೀ ಆನ್ ಮಾಡಿದಾಗ ಎಲ್ಲ ದೀಪವೂ ಎರಡು ಮೂರು ಸೆಕೆಂಡ್ ಹತ್ತಿ ಆರುವುದು, ದೀಪ ಬದುಕಿದೆ ಅಂತ ತೋರಿಸಲಿಕ್ಕೇ. ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ಎಬಿಎಸ್ ಅಥವಾ ಏರ್‌ಬ್ಯಾಗ್ ದೀಪ ಆ ಹೊತ್ತಿನಲ್ಲಿ ಹತ್ತದೇ ಇದ್ದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ ಅಂತ ತಿಳಿಯಬೇಕು.

ಒಂದು ಗ್ಯಾರೇಜಿಗೆ ತೋರಿಸಿದೆ. ಸ್ಕ್ಯಾನರ್ ಹಾಕಿದರು. ಕಾರಿನ ಕಂಪ್ಯೂಟರ್ ಯೂನಿಟ್ಟುಗಳು ಬರೆದಿಟ್ಟ ಮೂರು ದೋಷದ ಕೋಡ್ ಬಂದವು. ಒಂದು ಸಿ0035, ಅಂದರೆ ಮುಂದಿನ ಎಡ ಚಕ್ರದ ಸ್ಪೀಡ್ ಸೆನ್ಸರ್ ಸರ್ಕ್ಯೂಟ್. ಇನ್ನೊಂದು ಯು0121, ಎಬಿಎಸ್ ಯೂನಿಟ್ ಜೊತೆ ಮಾತುಕತೆ ಕಡಿದುಹೋಗಿದೆ ಅನ್ನುವುದು. ಮೂರನೆಯದು ಸ್ಟೀರಿಂಗ್ ಯೂನಿಟ್ಟಿನದು, ವೋಲ್ಟೇಜ್ ಕಮ್ಮಿ ಅಂತ. ಮೂರರಲ್ಲಿ ಒಂದು ಪಾರ್ಟಿನ ಹೆಸರು ಹೇಳುವುದು ಮೊದಲನೆಯದು ಮಾತ್ರ. ಹಾಗಾಗಿ ಅದನ್ನೇ ಬದಲಾಯಿಸಿದರು. ಸೆನ್ಸರ್, ಕೂಲಿ ಸೇರಿ 2,800 ರೂಪಾಯಿ. ನಾಲ್ಕನೇ ದಿನ ರಾತ್ರಿ ಮತ್ತೆ ನಾಲ್ಕೂ ದೀಪ.

ಹಳೆ ಸೆನ್ಸರನ್ನು ಕೇಳಿ ತಂದಿದ್ದೆ. ನಮ್ಮ ಕಾರಿನದು ಹಳೆ ಮಾದರಿ, ಒಳಗೆ ತಂತಿ ಸುತ್ತಿದ ಕಾಯಿಲ್ ಇರುವಂಥದ್ದು. ಅದನ್ನು ಮೀಟರಿನಲ್ಲಿ ಓಮ್ ಅಳೆಯಬಹುದು. 1.1 ಕಿಲೋ ಓಮ್ ಬಂತು. ಬಲಗಡೆ ಚಕ್ರದ್ದು ಬಿಚ್ಚದೆ ಪ್ಲಗ್‌ನಲ್ಲೇ ಅಳೆದೆ, ಅದೂ 1.1. ಅಂದರೆ ಕಿತ್ತು ಹಾಕಿದ ಸೆನ್ಸರ್ ಚೆನ್ನಾಗೇ ಇತ್ತು. ಹೊಸ ಕಾರುಗಳಲ್ಲಿ ಒಳಗೆ ಚಿಪ್ ಇರುವ ಹಾಲ್ ಮಾದರಿಯ ಸೆನ್ಸರ್ ಇರುತ್ತದೆ, ಅದಕ್ಕೆ ಹೀಗೆ ಓಮ್ ಮೀಟರ್ ಇಡಬಾರದು. ನಿಮ್ಮದು ಯಾವುದು ಅಂತ ಮೊದಲು ತಿಳಿದುಕೊಳ್ಳಿ.

ಆ ರಾತ್ರಿ ಕಾರಿನ ಡ್ಯಾಶ್ ಬಾಕ್ಸಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟೆ. ದೀಪ ಹತ್ತಿದಾಗಲೆಲ್ಲ ಗಾಡಿ ನಿಲ್ಲಿಸಿ ಬರೆಯುವುದು. ಯಾವ ದಿನ, ಎಷ್ಟು ಹೊತ್ತು, ಮಳೆ ಇತ್ತೋ ಇಲ್ಲವೋ, ಹೆಡ್‌ಲೈಟ್, ವೈಪರ್, ಫ್ಯಾನ್, ಹಿಂದಿನ ಗಾಜಿನ ಮಂಜು ಕಳೆಯುವ ಡಿಫಾಗರ್ ಯಾವ್ಯಾವುದು ಆನ್ ಇತ್ತು, ಗಾಡಿ ನೇರ ಹೋಗುತ್ತಿತ್ತೋ ತಿರುಗುತ್ತಿತ್ತೋ. ಈ ರಿಪೇರಿಯಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಯಾವ ಸ್ಕ್ಯಾನರೂ ಅಲ್ಲ, ಈ ನೋಟ್‌ಬುಕ್.

ಆರಿದ್ರಾ ಮುಗಿಯುವ ಹೊತ್ತಿಗೆ ಹನ್ನೊಂದು ಸಾಲು ಆಗಿತ್ತು. ಹನ್ನೊಂದರಲ್ಲಿ ಒಂಬತ್ತು ರಾತ್ರಿ. ಎರಡು ಹಗಲು, ಆದರೆ ಕತ್ತಲೆ ಕವಿದ ಜೋರು ಮಳೆ, ಹೆಡ್‌ಲೈಟ್ ಆನ್. ಎಲ್ಲದರಲ್ಲೂ ವೈಪರ್ ಮತ್ತು ಫ್ಯಾನ್ ಆನ್. ಹತ್ತರಲ್ಲಿ ಸ್ಟೀರಿಂಗ್ ತಿರುಗಿಸುತ್ತಿದ್ದೆ, ಅಥವಾ ಗುಂಡಿಗೆ ಇಳಿದಿದ್ದೆ, ಅಥವಾ ಎರಡೂ. ಬಿಸಿಲಿದ್ದ ಮೂರು ದಿನ ಒಂದು ಸಲವೂ ಇಲ್ಲ.

ಮೊದಲು ನನಗೆ ಅನಿಸಿದ್ದು ಎಲ್ಲೋ ನೀರು ಇಳಿಯುತ್ತಿದೆ ಅಂತ. ನೀರೇ ಆದರೆ ಮಳೆ ನಿಂತ ಮೇಲೂ ಒದ್ದೆ ಇರಬೇಕಲ್ಲ? ಒಂದು ಬೆಳಿಗ್ಗೆ ರಾತ್ರಿಯಿಡೀ ಮಳೆಯಲ್ಲಿ ನಿಂತಿದ್ದ ಕಾರನ್ನು ಹೊಳವಾದ ಹೊತ್ತಿನಲ್ಲಿ ಅದೇ ಹಂಪ್ ಮೇಲೆ ಆರು ಸಲ ಓಡಿಸಿದೆ. ಏನೂ ಆಗಲಿಲ್ಲ. ಹೆಡ್‌ಲೈಟ್, ಫ್ಯಾನ್, ಡಿಫಾಗರ್ ಎಲ್ಲ ಹಾಕಿಕೊಂಡು ಏಳನೇ ಸಲ ಓಡಿಸಿದಾಗ ದೀಪ ಹತ್ತಿತು. ಅಲ್ಲಿಗೆ ನೀರಿನ ಯೋಚನೆ ಬಿಟ್ಟೆ. ಮಳೆ ಬಂದಾಗ ನಾವು ಆನ್ ಮಾಡುವ ಸಾಮಾನಿಗೂ ದೀಪಕ್ಕೂ ಸಂಬಂಧ ಇತ್ತು.

ಇನ್ನೊಂದು ಸುಳಿವು ಮೊದಲ ದಿನವೇ ಕಣ್ಣೆದುರು ಇತ್ತು, ಗಮನಿಸಿರಲಿಲ್ಲ. ಚಕ್ರದ ಸೆನ್ಸರ್ ನಿಜವಾಗಿ ಹೋಗಿದ್ದರೆ ಎಬಿಎಸ್ ದೀಪ ಸಾಮಾನ್ಯವಾಗಿ ಕೀ ಆಫ್ ಮಾಡುವವರೆಗೂ ಆರುವುದಿಲ್ಲ. ವೋಲ್ಟೇಜ್ ಬಿದ್ದ ಕಾರಣಕ್ಕೆ ಹತ್ತಿದ್ದರೆ, ವೋಲ್ಟೇಜ್ ಸರಿಯಾದ ಮೇಲೆ ಬಹಳ ಕಾರುಗಳಲ್ಲಿ ತಾನಾಗೇ ಆರುತ್ತದೆ. ನಮ್ಮದು ಹತ್ತು ಸೆಕೆಂಡಿನಲ್ಲಿ ಆರುತ್ತಿತ್ತು. ಎಬಿಎಸ್ ಯೂನಿಟ್ಟಿಗೆ ಪಂಪ್, ವಾಲ್ವ್ ನಡೆಸಲು ಕರೆಂಟ್ ಬೇಕು. ಸಾಕಷ್ಟು ವೋಲ್ಟೇಜ್ ಸಿಗದಿದ್ದರೆ ಅದು ಕೆಲಸ ನಿಲ್ಲಿಸಿ ದೀಪ ಹಾಕುತ್ತದೆ. ಅದರ ಜೊತೆ, ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕ್ ಬಲ ಹಂಚುವ ಇಬಿಡಿಯೂ ನಿಲ್ಲುವುದರಿಂದ ಕೆಂಪು ಬ್ರೇಕ್ ದೀಪವೂ ಹತ್ತುತ್ತದೆ. ಮಾಮೂಲಿ ಬ್ರೇಕ್ ಹಿಡಿಯುತ್ತದೆ, ಆದರೆ ಜೋರಾಗಿ ಒತ್ತಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಬಹುದು. ಒದ್ದೆ ರಸ್ತೆಯಲ್ಲಿ, ತಿರುವಿನಲ್ಲಿ ಅದು ಸಣ್ಣ ವಿಷಯ ಅಲ್ಲ. ಅಮ್ಮನನ್ನು ಕೂರಿಸಿಕೊಂಡು ಹೋಗುವವನಿಗೆ "ಸುಳ್ಳು ದೀಪ" ಅಂತ ಬಿಡಲು ಮನಸ್ಸು ಬರಲಿಲ್ಲ.

ಪುನರ್ವಸು ಮಳೆ ಸ್ವಲ್ಪ ಬಿಡುವು ಕೊಟ್ಟ ಭಾನುವಾರ ಕೆಲಸಕ್ಕೆ ಕೂತೆ. ಮೊದಲು ಬ್ಯಾಟರಿ. ರಾತ್ರಿ ನಿಂತ ಗಾಡಿಯಲ್ಲಿ 12.58 ವೋಲ್ಟ್. ಚೆನ್ನಾಗಿದೆ. ಸ್ಟಾರ್ಟ್ ಮಾಡುವಾಗ 10.6ಕ್ಕೆ ಇಳಿದು ಎದ್ದಿತು, 9.6ಕ್ಕಿಂತ ಕೆಳಗೆ ಹೋಗದಿದ್ದರೆ ಸಾಕು. ಎಂಜಿನ್ ಓಡುವಾಗ 14.2. ಹೆಡ್‌ಲೈಟ್, ಫ್ಯಾನ್, ಡಿಫಾಗರ್ ಹೀಗೆ ಎಲ್ಲ ಲೋಡ್ ಹಾಕಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ 13.8. ಬ್ಯಾಟರಿಯೂ ಸರಿ, ಆಲ್ಟರ್ನೇಟರೂ ಸರಿ. ಇಲ್ಲಿಗೆ ಬಹಳ ಜನ ಕೈ ತೊಳೆದುಕೊಳ್ಳುತ್ತಾರೆ.

ಬಾನೆಟ್ ಒಳಗಿನ ಅರ್ತಿಂಗ್ ವೈರುಗಳನ್ನೂ ನೋಡಿದೆ. ಬ್ಯಾಟರಿ ಮೈನಸ್‌ನಿಂದ ಎರಡು ಹೊರಡುತ್ತವೆ. ದಪ್ಪದ್ದು ಗೇರ್‌ಬಾಕ್ಸಿಗೆ, ಸಣ್ಣದು ಬ್ಯಾಟರಿ ಟ್ರೇ ಕೆಳಗೆ ನುಗ್ಗಿ ಕಾರಿನ ಬಾಡಿಗೆ. ಎಂಜಿನಿಂದ ಬಾಡಿಗೆ ಇನ್ನೊಂದು ಹೆಣೆದ ಪಟ್ಟಿ ಬೇರೆ. ಮೈನಸ್ ಟರ್ಮಿನಲ್ ಬಿಚ್ಚಿ ಬಾಡಿ ವೈರನ್ನು ಮೀಟರಿನಲ್ಲಿ ಓಮ್ ಇಟ್ಟು ನೋಡಿದೆ. 0.2 ಬಂತು. ಎರಡು ಪ್ರೋಬ್ ಒಂದಕ್ಕೊಂದು ತಾಗಿಸಿದರೂ ನನ್ನ ಮೀಟರಿನಲ್ಲಿ 0.2 ಬರುತ್ತದೆ. ಅಂದರೆ ವೈರ್ ಸರಿ ಅಂತ ಲೆಕ್ಕ. ಆ ಹೊತ್ತಿಗೆ ಸ್ಕ್ಯಾನರ್ ಹಾಕುವ ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆಯೂ ಅಳೆದುಬಿಟ್ಟೆ. ಯೂನಿಟ್ಟುಗಳು ಒಂದಕ್ಕೊಂದು ಮಾತಾಡುವ ಕ್ಯಾನ್ ಲೈನಿನ ಎರಡು ತುದಿಯಲ್ಲಿ 120 ಓಮಿನ ಎರಡು ರೆಸಿಸ್ಟರ್ ಇರುತ್ತವೆ, ಎರಡೂ ಸೇರಿ 60 ತೋರಿಸಬೇಕು. 60.4 ತೋರಿಸಿತು. ಅದೂ ಸರಿ.

ಎಲ್ಲವೂ ಸರಿ, ಆದರೂ ದೀಪ ಹತ್ತುತ್ತದೆ. ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ ಅಪ್ಪ ಕೇಳಿದರು, "ಏನಿಟ್ಟು ನೋಡ್ದೆ?"

ಓಮ್ ಇಟ್ಟು ನೋಡಿದೆ ಅಪ್ಪಾ, ವೈರ್ ಚೆನ್ನಾಗಿದೆ ಅಂದೆ.

"ಟೆಸ್ಟರ್ ಹತ್ತಿದ ಮಾತ್ರಕ್ಕೆ ಮೋಟರ್ ಏಳುತ್ತೇನೋ?" ಅಂದರು.

ತೋಟದ ಪಂಪ್‌ಸೆಟ್ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಟಾರ್ಟರ್ ಹತ್ತಿರ ಮೂರು ಫೇಸಿಗೂ ಟೆಸ್ಟರ್ ಕೆಂಪಗೆ ಹತ್ತುತ್ತದೆ, ಬಟನ್ ಒತ್ತಿದರೆ ಮೋಟರ್ ಗುಂಯ್ ಅಂದು ನಿಲ್ಲುತ್ತದೆ. ಕಂಬದ ಮೇಲೆ ಎಲ್ಲೋ ಒಂದು ಜಾಯಿಂಟ್ ಕೂದಲೆಳೆಯಷ್ಟು ತಾಗಿಕೊಂಡಿರುತ್ತದೆ. ಟೆಸ್ಟರಿಗೆ ಅಷ್ಟು ಸಾಕು, ಮೋಟರಿಗೆ ಸಾಕಾಗಲ್ಲ. ನನ್ನ ಓಮ್ ಮೀಟರ್ ಮಾಡಿದ್ದೂ ಟೆಸ್ಟರಿನ ಕೆಲಸವನ್ನೇ. ಅದು ವೈರಿನಲ್ಲಿ ಹಾಯಿಸುವುದು ಕೆಲವು ಮಿಲಿ ಆಂಪ್. ಒಂದೇ ಒಂದು ಎಳೆ ಉಳಿದಿದ್ದರೂ ಅದಕ್ಕೆ ದಾರಿ ಸಲೀಸು. ಎಲೆಕ್ಟ್ರಿಕ್ ಸ್ಟೀರಿಂಗ್ ಗಾಡಿ ನಿಂತಿದ್ದಾಗ ತಿರುಗಿಸಿದರೆ ಎಳೆಯುವುದು ಹತ್ತಾರು ಆಂಪ್.

ಹಾಗಾಗಿ ಓಮ್ ಬಿಟ್ಟು ವೋಲ್ಟ್ ಇಟ್ಟೆ. ಕಾರು ಸ್ಟಾರ್ಟ್, ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು. ಹೆಡ್‌ಲೈಟ್, ಫ್ಯಾನ್, ಡಿಫಾಗರ್ ಆನ್. ನನ್ನ ಹೆಂಡತಿ ಸ್ಟೀರಿಂಗ್ ಹಿಡಿದು ಕೂತಳು. ಒಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಅಡಾಪ್ಟರ್ ಹಾಕಿ ಮೊಬೈಲಿನಲ್ಲಿ ವೋಲ್ಟೇಜ್ ಕಾಣುವ ಹಾಗೆ ಮಾಡಿದೆ. ಈ ಅಗ್ಗದ ಅಡಾಪ್ಟರುಗಳು ಹೆಚ್ಚಿನವು ಎಂಜಿನ್ ಕೋಡ್ ಮಾತ್ರ ಓದುತ್ತವೆ, ಎಬಿಎಸ್, ಏರ್‌ಬ್ಯಾಗ್ ಕೋಡ್ ಓದಲ್ಲ. ಆದರೆ ಸಾಕೆಟ್ಟಿನ ವೋಲ್ಟೇಜ್ ತೋರಿಸುತ್ತವೆ, ಅಷ್ಟಕ್ಕೇ ದುಡ್ಡು ವಸೂಲಿ.

ಲೋಡ್ ಇಲ್ಲದೆ ಸಾಕೆಟ್ಟಿನಲ್ಲಿ 14.0. ಎಲ್ಲ ಹಾಕಿದ ಮೇಲೆ 13.0. ಸ್ಟೀರಿಂಗ್ ತಿರುಗಿಸಿದಾಗ 12.3. ಅದೇ ಹೊತ್ತಿನಲ್ಲಿ ಬ್ಯಾಟರಿ ಮೇಲೆ ಇಟ್ಟ ಮೀಟರಿನಲ್ಲಿ 13.6. ಬ್ಯಾಟರಿಗೂ ಕಾರಿನ ಒಳಗಿಗೂ ನಡುವೆ 1.3 ವೋಲ್ಟ್ ಎಲ್ಲೋ ಸೋರುತ್ತಿತ್ತು.

ಎಲ್ಲಿ ಅಂತ ಹುಡುಕುವುದು ಸುಲಭ. ಮೀಟರಿನ ಒಂದು ಪ್ರೋಬ್ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಫ್ಯೂಸ್ ಬಾಕ್ಸಿನ ಪ್ಲಸ್ಸಿಗೆ. ಸ್ಟೀರಿಂಗ್ ತಿರುಗಿಸಿದಾಗ 0.08. ಆ ದಾರಿ ಚೊಕ್ಕ. ಬ್ಯಾಟರಿ ಮೈನಸ್ ಮತ್ತು ಎಂಜಿನ್ ನಡುವೆ 0.05. ಅದಕ್ಕೇ ಸ್ಟಾರ್ಟ್ ಆಗುವುದರಲ್ಲಿ, ಚಾರ್ಜ್ ಆಗುವುದರಲ್ಲಿ ಏನೂ ತೊಂದರೆ ಇರಲಿಲ್ಲ. ಕೊನೆಗೆ ಬ್ಯಾಟರಿ ಮೈನಸ್ ಕಂಬಕ್ಕೆ ಒಂದು ಪ್ರೋಬ್, ಬಾಡಿಯ ಬರಿ ಲೋಹಕ್ಕೆ ಇನ್ನೊಂದು. 1.21 ವೋಲ್ಟ್. ಅಲ್ಲಿ 0.1ಕ್ಕಿಂತ ಜಾಸ್ತಿ ಇರಬಾರದು.

ಆ ಅಂಕಿ ನೋಡಿ ನನಗಾದ ಸಮಾಧಾನ ಹೇಳತೀರದು. ಒಂದು ತಿಂಗಳು ಹಿಡಿಯಲು ಸಿಗದೆ ಓಡಾಡಿಸಿದ್ದು ಈಗ ಎರಡು ಪ್ರೋಬ್ ನಡುವೆ ನಿಂತಿತ್ತು. 50 ಆಂಪ್ ಹರಿಯುತ್ತಿದೆ ಅಂತ ಇಟ್ಟುಕೊಂಡರೆ 1.2 ವೋಲ್ಟ್ ತಿನ್ನಲು ಬೇಕಾದ ತಡೆ ಬರಿ 0.024 ಓಮ್. ಮನೆ ಮೀಟರಿನಲ್ಲಿ ಅದು ಕಾಣುವುದೇ ಇಲ್ಲ.

ಆದರೆ 12.3 ವೋಲ್ಟಿಗೆ ಯಾವ ಯೂನಿಟ್ಟೂ ಕೂಗಿಕೊಳ್ಳುವುದಿಲ್ಲ. ಇನ್ನೂ ಕೆಳಗೆ ಬೀಳಬೇಕು. ಟ್ರೇ ಪಕ್ಕದಿಂದ ಕೈ ತೂರಿಸಿ ಆ ಬಾಡಿ ವೈರನ್ನು ಹಿಡಿದು ಅಲ್ಲಾಡಿಸಿದೆ. "ರೀ, ಎಲ್ಲಾ ದೀಪ ಹತ್ತಿದವು!" ಅಂದಳು ಒಳಗಿಂದ. ಮೊಬೈಲಿನಲ್ಲಿ 8.7 ಕಂಡು ಮಾಯವಾಯಿತು. ಹಂಪ್ ಮಾಡುತ್ತಿದ್ದ ಕೆಲಸವನ್ನು ನನ್ನ ಕೈ ಮಾಡಿತ್ತು. ಇನ್ನೊಂದು ಸಲ ಅಲ್ಲಾಡಿಸಿದೆ. ಮತ್ತೆ ಅದೇ.

ಬಿಚ್ಚುವಾಗ ಮೈನಸ್ ಮೊದಲು, ಪ್ಲಸ್ ಆಮೇಲೆ. ಬ್ಯಾಟರಿ ಎತ್ತಿ ಪಕ್ಕಕ್ಕಿಟ್ಟೆ. ಟ್ರೇಯಲ್ಲಿ ಸಿಲ್ವರ್ ಓಕ್ ಎಲೆ ಕೊಳೆತು ಕಾಫಿ ಚರಟದ ಹಾಗೆ ಕೂತಿತ್ತು. ನೀರು ಹೋಗುವ ತೂತು ಪೂರ್ತಿ ಮುಚ್ಚಿಹೋಗಿತ್ತು. ಶೆಡ್ಡಿನ ಮೇಲೇ ಎರಡು ಸಿಲ್ವರ್ ಓಕ್ ಮರ ಇವೆ, ಗೋಡೆ ಇಲ್ಲದ ಕಡೆಯಿಂದ ಗಾಳಿಗೆ ಎಲೆ ತೂರಿಬಂದು ವೈಪರ್ ಕೆಳಗಿನ ಜಾಲರಿಯಲ್ಲಿ ಇಳಿಯುತ್ತದೆ. ಎಷ್ಟು ಮಳೆಗಾಲದ ಎಲೆಯೋ. ಟ್ರೇ ಬೋಲ್ಟ್ ನಾಲ್ಕು, ಎಲ್ಲವೂ 10ರ ಸ್ಪ್ಯಾನರಿನವು. ಅದನ್ನು ಎತ್ತಿದ ಮೇಲೆ ವೈರಿನ ತುದಿ ಕಂಡಿತು.

ಮೇಲಿಂದ ನೋಡಿದರೆ ಏನೂ ಇಲ್ಲ. ಕಪ್ಪು ಸಿಪ್ಪೆ, ಕಪ್ಪು ಟೇಪ್, ಬೋಲ್ಟಿನ ಕೆಳಗೆ ಲಗ್, ಅಂದರೆ ವೈರಿನ ತುದಿಗೆ ಒತ್ತಿದ ತೂತಿನ ಲೋಹದ ತುಂಡು. ಬೋಲ್ಟ್ ಬಿಗಿಯಾಗೇ ಇತ್ತು. ಬಿಚ್ಚಿ ಕೈಯಲ್ಲಿ ಹಿಡಿದಾಗ ಲಗ್‌ನ ಹಿಂದೆ ಒಂದಿಂಚು ಜಾಗ ಮೆತ್ತಗೆ ಅನಿಸಿತು, ನೆನೆಸಿದ ಹುರುಳಿ ಹಿಚುಕಿದ ಹಾಗೆ. ಬ್ಲೇಡಿನಲ್ಲಿ ಸಿಪ್ಪೆ ಸೀಳಿದೆ. ಒಳಗೆ ತಾಮ್ರ ಇರಲಿಲ್ಲ. ನೀಲಿ ಹಸಿರು ಕಿಲುಬು ಪುಡಿ ಉದುರಿ ನ್ಯೂಸ್‌ಪೇಪರಿನ ಮೇಲೆ ಬಿತ್ತು. ಪುಡಿ ಊದಿದ ಮೇಲೆ ಎಳೆಗಳು ಕಂಡವು. ಬಹುಪಾಲು ಕಪ್ಪಾಗಿ ತುಂಡಾಗಿದ್ದವು. ಲಗ್‌ಗೆ ಇನ್ನೂ ಅಂಟಿಕೊಂಡಿದ್ದವನ್ನು ಸೂಜಿಯಲ್ಲಿ ಬಿಡಿಸಿ ಎಣಿಸಿದೆ. ಐದು. ಅದರಲ್ಲಿ ಎರಡು ಮುಟ್ಟಿದ ತಕ್ಷಣ ಮುರಿದವು. ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಹೂಂ" ಅಂದರು, ಒಳಗೆ ಹೋಗಿ ಅಮ್ಮನನ್ನು ಕರೆದುಕೊಂಡು ಬಂದು ಅವರಿಗೂ ತೋರಿಸಿದರು.

ಆ ಐದು ಎಳೆಯ ಮೇಲೆ ಇಡೀ ಬಾಡಿಯ ವಾಪಸ್ ಕರೆಂಟ್ ಓಡಾಡುತ್ತಿತ್ತು. ಎಂಜಿನ್ ಪಟ್ಟಿ ಸ್ವಲ್ಪ ಹೊರೆ ಹೊತ್ತಿರಬೇಕು, ಆದರೆ ಅದರ ಬೋಲ್ಟಿನ ಕೆಳಗೂ ತುಕ್ಕು ಹಪ್ಪಳದ ಹಾಗೆ ಎದ್ದಿತ್ತು. ಹಂಪ್‌ನಲ್ಲಿ ಇವೆರಡೂ ಒಂದು ಕ್ಷಣ ಕೈಬಿಟ್ಟರೆ ಎಬಿಎಸ್, ಸ್ಟೀರಿಂಗ್, ಏರ್‌ಬ್ಯಾಗ್ ಮೂರಕ್ಕೂ ಒಟ್ಟಿಗೇ ಕತ್ತಲೆ. ಮೂರೂ ದೂರು ಹೇಳುತ್ತವೆ, ಮೂರರಲ್ಲೂ ದೋಷ ಇಲ್ಲ. ಒಂದೇ ದೀಪ ಹತ್ತಿದರೆ ಆ ಭಾಗ ನೋಡೋಣ. ಮೂರು ನಾಲ್ಕು ಒಟ್ಟಿಗೆ ಹತ್ತಿ ಒಟ್ಟಿಗೆ ಆರಿದರೆ ಮೊದಲು ನೋಡಬೇಕಾದ್ದು ಅವಕ್ಕೆಲ್ಲ ಕರೆಂಟ್ ಬಂದು ಹೋಗುವ ದಾರಿಯನ್ನು, ಅದೂ ಲೋಡ್ ಹಾಕಿ. ಒಂದು ಪಾರ್ಟ್ ಕೊಳ್ಳುವ ಮೊದಲು ಇಷ್ಟು ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

ಸೋಮವಾರ ಚಿಕ್ಕಮಗಳೂರಿನಲ್ಲಿ 16 ಸ್ಕ್ವೇರ್ ಎಂಎಂನ ವೆಲ್ಡಿಂಗ್ ಕೇಬಲ್ ತಂದೆ. ಸಣ್ಣ ಎಳೆಗಳು ಜಾಸ್ತಿ ಇರುವ ಕೇಬಲ್ ಅದು, ಎಂಜಿನಿನ ನಡುಕಕ್ಕೆ ಬಗ್ಗುತ್ತದೆ. ಮನೆ ವೈರಿಂಗಿನ ಗಟ್ಟಿ ತಂತಿ ಇಲ್ಲಿಗೆ ಆಗಲ್ಲ. ತವರ ಲೇಪದ ತಾಮ್ರದ ಲಗ್ ನಾಲ್ಕು, 8 ಎಂಎಂ ಬೋಲ್ಟ್ ತೂತಿನವು. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್, ಸ್ಟಾರ್ ವಾಷರ್. ಎಲ್ಲ ಸೇರಿ ಐನೂರು ರೂಪಾಯಿ ದಾಟಲಿಲ್ಲ. ಲಗ್ ಒತ್ತುವುದನ್ನು ಮಾತ್ರ ನಾನು ಮಾಡಲಿಲ್ಲ. ಪಂಪ್ ಪ್ಯಾನಲ್ ಮಾಡುವ ಅಣ್ಣನ ಅಂಗಡಿಯಲ್ಲಿ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಇದೆ, ಅಲ್ಲೇ ಒತ್ತಿಸಿದೆ. "ಬೆಸುಗೆ ಹಾಕಿಕೊಡಲಾ ಇನ್ನೂ ಗಟ್ಟಿ ಆಗುತ್ತೆ?" ಅಂತ ಕೇಳಿದರು. ಬೇಡ ಅಂದೆ. ಬೆಸುಗೆ ಎಳೆಗಳ ಒಳಗೆ ಹೀರಿಕೊಂಡು ಕಡ್ಡಿಯ ಹಾಗೆ ಮಾಡುತ್ತದೆ, ನಡುಗುವ ಜಾಗದಲ್ಲಿ ಅದು ಮುಗಿಯುವ ಕಡೆಯೇ ಕೇಬಲ್ ತುಂಡಾಗುತ್ತದೆ. ಚೆನ್ನಾಗಿ ಒತ್ತಿದ ಲಗ್‌ಗೆ ಬೆಸುಗೆ ಬೇಡ.

ಟ್ರೇ ಜಾಗವನ್ನು ಅಡುಗೆ ಸೋಡ ಕಲಸಿದ ನೀರಿನಲ್ಲಿ ತೊಳೆದೆ. ಬುಸ್ ಅಂತ ನೊರೆ ಬಂತು, ಅಂದರೆ ಆಸಿಡ್ ಅಲ್ಲಿ ಇತ್ತು. ಒಣಗಿದ ಮೇಲೆ ಬೋಲ್ಟ್ ಕೂರುವ ಜಾಗವನ್ನು ಎಮರಿ ಪೇಪರಿನಲ್ಲಿ ಬೆಳ್ಳಿಯ ಹಾಗೆ ಹೊಳೆಯುವವರೆಗೆ ಉಜ್ಜಿದೆ. ಪೇಂಟ್ ಮೇಲೆ ಎಷ್ಟು ದಪ್ಪ ಕೇಬಲ್ ಕಟ್ಟಿದರೂ ಪ್ರಯೋಜನ ಇಲ್ಲ. ಲಗ್, ಸ್ಟಾರ್ ವಾಷರ್, ಬೋಲ್ಟ್ ಬಿಗಿ ಮಾಡಿ, ಆಮೇಲೆ ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಬಳಿದೆ. ಎಂಜಿನ್ ಪಟ್ಟಿಗೂ ಅದೇ ಉಪಚಾರ. ಬ್ಯಾಟರಿ ಬಿಚ್ಚಿದ್ದಾಗಲೇ ಡ್ಯಾಶ್ ಕೆಳಗೆ ಎಡಗಡೆ, ಕಾಲಿಡುವ ಕಡೆಯ ಅರ್ತಿಂಗ್ ಬೋಲ್ಟನ್ನೂ ಬಿಚ್ಚಿ ಉಜ್ಜಿ ಹಾಕಿದೆ. ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳನ್ನು ಮುಟ್ಟಲಿಲ್ಲ. ಅವಕ್ಕೆ ಮೀಟರ್ ಪ್ರೋಬ್ ಇಡುವುದು ಜೀವಕ್ಕೆ ಅಪಾಯ. ಅವುಗಳ ಹತ್ತಿರ ಕೈ ಹಾಕುವುದಿದ್ದರೂ ಬ್ಯಾಟರಿ ಬಿಚ್ಚಿ ಹತ್ತು ನಿಮಿಷವಾದರೂ ಬಿಡಬೇಕು, ಒಳಗೆ ಕರೆಂಟ್ ಕೂಡಿಟ್ಟಿರುವ ಕೆಪಾಸಿಟರ್ ಖಾಲಿಯಾಗಬೇಕು.

ಎಲ್ಲ ಕಟ್ಟಿ ಸ್ಟಾರ್ಟ್ ಮಾಡಿದೆ. ಸ್ಟೀರಿಂಗ್ ದೀಪ ಹತ್ತೇ ಇತ್ತು. ಎದೆ ಧಸಕ್ ಅಂತು. ಬ್ಯಾಟರಿ ಬಿಚ್ಚಿದರೆ ಎಷ್ಟೋ ಕಾರುಗಳಲ್ಲಿ ಸ್ಟೀರಿಂಗ್ ತನ್ನ ನಡುಬಿಂದು ಮರೆಯುತ್ತದೆ ಅಂತ ಆಮೇಲೆ ನೆನಪಾಯಿತು. ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ, ಮತ್ತೆ ನೇರ. ಆರಿತು. ಈಗ ಅದೇ ಅಳತೆ, ಅದೇ ಲೋಡ್: ಮೈನಸ್ ಮತ್ತು ಬಾಡಿ ನಡುವೆ 1.21 ಇದ್ದದ್ದು 0.03. ಸಾಕೆಟ್ಟಿನಲ್ಲಿ 13.5. ವೈರ್ ಹಿಡಿದು ಎಷ್ಟು ಅಲ್ಲಾಡಿಸಿದರೂ ಅಂಕಿ ಕದಲಲಿಲ್ಲ. ಹಳೆ ಕೋಡ್ ಅಳಿಸಿಸಿದೆ. ಸಿ0035 ಆಮೇಲೆ ಬರಲೇ ಇಲ್ಲ.

ಪುಷ್ಯ ಮಳೆಯಲ್ಲಿ ಎರಡು ವಾರ ಓಡಿಸಿದೆ. ಅದೇ ಹಂಪ್, ಅದೇ ರಾತ್ರಿ, ನೋಟ್‌ಬುಕ್ ಖಾಲಿ. ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಆಗ ಉಜಿರೆಯಲ್ಲಿ ನೆಂಟರ ಮನೆಯ ಕಾರ್ಯಕ್ಕೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುತ್ತಿದ್ದೆವು. ಮಂಜು, ಎದುರಿಗೆ ಲಾರಿ. ಒಂದು ಎಡ ತಿರುವಿನಲ್ಲಿ ಕೆಂಪು ಬ್ರೇಕ್ ದೀಪ ಮಿಣಕ್ ಅಂದು ಹೋಯಿತು. ಇನ್ನೆರಡು ತಿರುವಿನ ನಂತರ ಮತ್ತೆ. ಎಬಿಎಸ್ ಹತ್ತಲಿಲ್ಲ, ಸ್ಟೀರಿಂಗ್ ಹತ್ತಲಿಲ್ಲ. ಕೆಂಪು ಒಂದೇ.

ಹಿಂದಿನ ತಿಂಗಳಾಗಿದ್ದರೆ ಇದನ್ನೂ ಆ ಗುಂಪಿಗೇ ಸೇರಿಸಿಬಿಡುತ್ತಿದ್ದೆ. ಈಗ ಅದು ಒಂಟಿಯಾಗಿ ಹತ್ತಿದೆ ಅನ್ನುವುದೇ ಎಚ್ಚರಿಸಿತು. ಅಗಲ ಇದ್ದ ಕಡೆ ನಿಲ್ಲಿಸಿ ಬಾನೆಟ್ ಎತ್ತಿದೆ. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಮಿನ್ ಗೆರೆಯ ಹತ್ತಿರ ಇತ್ತು. ಇಳಿಜಾರಿನಲ್ಲಿ ತಿರುವು ತೆಗೆದುಕೊಂಡಾಗ ಆಯಿಲ್ ಒಂದು ಕಡೆ ವಾಲುತ್ತದೆ, ಡಬ್ಬಿಯೊಳಗಿನ ತೇಲುವ ಸ್ವಿಚ್ ಕೆಳಗಿಳಿದು ದೀಪ ಹಾಕುತ್ತದೆ. ಚಕ್ರಗಳ ಹತ್ತಿರ ಸೋರಿಕೆ ಇದೆಯಾ ಅಂತ ಬಗ್ಗಿ ನೋಡಿದೆ, ಇರಲಿಲ್ಲ. ಪೆಡಲ್ ಗಟ್ಟಿ ಇತ್ತು. ಎರಡನೇ ಗೇರಿನಲ್ಲಿ ನಿಧಾನಕ್ಕೆ ಇಳಿದೆವು.

ಮನೆಗೆ ಬಂದು ಮುಂದಿನ ಚಕ್ರ ಬಿಚ್ಚಿದರೆ ಪ್ಯಾಡ್ ಸವೆದು ಎರಡು ಎಂಎಂ ಉಳಿದಿತ್ತು. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯ ಆಯಿಲ್ ಇಳಿಯುತ್ತದೆ. ಅಂದರೆ ಈ ದೀಪ ಹೇಳಿದ್ದು ಅಕ್ಷರಶಃ ನಿಜ. ಬರಿ ಆಯಿಲ್ ತುಂಬಿಸಿ ದೀಪ ಆರಿಸಿದ್ದರೆ ಪ್ಯಾಡಿನ ಸುದ್ದಿ ನನಗೆ ತಿಳಿಯುತ್ತಲೇ ಇರಲಿಲ್ಲ. ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ಒತ್ತಿದರೆ ಆಯಿಲ್ ತಾನಾಗೇ ಮೇಲೆ ಬರುತ್ತದೆ. ಮೊದಲೇ ತುಂಬಿಸಿಟ್ಟಿದ್ದರೆ ಉಕ್ಕಿ ಹೊರಗೆ ಚೆಲ್ಲುತ್ತದೆ, ಚೆಲ್ಲಿದ ಕಡೆ ಪೇಂಟ್ ಎದ್ದುಬರುತ್ತದೆ. ಪ್ಯಾಡ್ ಬದಲಾಯಿಸಿ, ಹಳೆ ಆಯಿಲ್ ಪೂರ್ತಿ ತೆಗೆಸಿ ಮುಚ್ಚಳದ ಮೇಲೆ ಬರೆದ ಹಾಗೆ ಡಾಟ್ 4 ಹಾಕಿಸಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕಡೆ ಎರಡು ವರ್ಷಕ್ಕಿಂತ ಮುಂದೆ ಎಳೆಯಬಾರದು. ಹಳೆಯದು ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿತ್ತು.

ಹಳೆ ಸೆನ್ಸರನ್ನು ಚೀಟಿ ಅಂಟಿಸಿ ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದೇನೆ, ಒಳ್ಳೆಯದೇ ಅದು. ಮೊನ್ನೆ ಭಾವ ಮೂಡಿಗೆರೆಯಿಂದ ಪಿಕಪ್ ತಂದಿದ್ದರು. ಹೆಡ್‌ಲೈಟ್ ಆಗಾಗ ಮಂಕಾಗುತ್ತೆ, ಬ್ಯಾಟರಿ ಬದಲಾಯಿಸಬೇಕೇನೋ ಅಂದರು. ಸ್ವಲ್ಪ ತಡೀರಿ ಭಾವ ಅಂತ ಲೋಡ್ ಹಾಕಿ ಮೈನಸ್ಸಿಗೂ ಬಾಡಿಗೂ ಪ್ರೋಬ್ ಇಟ್ಟೆ. 0.46 ತೋರಿಸಿತು. ಬರುವ ಭಾನುವಾರ ಅದರ ಟ್ರೇ ಬಿಚ್ಚಬೇಕು. ಕೇಬಲ್ ಒಂದು ಮೀಟರ್ ಜಾಸ್ತೀನೇ ತಂದಿದ್ದೆ, ಎರಡು ಲಗ್ ಕೂಡ ಉಳಿದಿವೆ.